ಹಳೆಯ ಡಾಸ್ ಕಂಪ್ಯೂಟರಿನ ಡಿಸ್ಕ್ ಓರಣ ಮಾಡುವ ಬಗೆ

ಅಟ್ಟದಿಂದ ಇಳಿಸಿದ ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಡಾಸ್ (ವಿಂಡೋಸಿಗೆ ಮೊದಲಿನ ಕಾರ್ಯಾಚರಣಾ ವ್ಯವಸ್ಥೆ) ಕಂಪ್ಯೂಟರ್ ಚಾಲೂ ಆದೊಡನೆ, ಎಲ್ಲಿಂದಲೋ ಉಚಿತವಾಗಿ ಸಿಕ್ಕ ಡಿಸ್ಕ್ ಆಪ್ಟಿಮೈಜರನ್ನು, ಅಂದರೆ ಡಿಸ್ಕಿನಲ್ಲಿ ಚದುರಿದ ಫೈಲುಗಳನ್ನು ಓರಣ ಮಾಡುವ ಪ್ರೋಗ್ರಾಮನ್ನು, ಓಡಿಸಿ ಇದ್ದ ಫೈಲುಗಳನ್ನೂ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ತಪ್ಪುವುದು ಓಡಿಸುವಾಗ ಅಲ್ಲ, ಅದಕ್ಕೆ ಮೊದಲಿನ ತಯಾರಿಯಲ್ಲಿ.

ಮೊದಲು ಬ್ಯಾಕಪ್. 20 ಎಂಬಿ ಡಿಸ್ಕ್ ಪೂರ್ತಿ ತುಂಬಿದ್ದರೆ 360 ಕೆಬಿ ಫ್ಲಾಪಿಗಳು 57 ಬೇಕಾಗುತ್ತವೆ. ಆದ್ದರಿಂದ ನಿಮ್ಮ ಸ್ವಂತ ಕಡತಗಳನ್ನಷ್ಟೇ ನಕಲು ಮಾಡಿಕೊಂಡರೆ ಸಾಕು.

ಎರಡನೆಯದು ತಪಾಸಣೆ, ಎಡವುವುದು ಇಲ್ಲಿಯೇ. ಫೈಲಿನ ಯಾವ ತುಂಡು ಎಲ್ಲಿದೆ ಎಂಬ ಲೆಕ್ಕವನ್ನು ಡಾಸ್ ಫ್ಯಾಟ್ ಎಂಬ ಪಟ್ಟಿಯಲ್ಲಿ ಇಡುತ್ತದೆ. ಆಪ್ಟಿಮೈಜರ್ ಚದುರಿದ ತುಂಡುಗಳನ್ನು ಎತ್ತಿ ಸಾಲಾಗಿ ಇಟ್ಟು ಆ ಪಟ್ಟಿಯನ್ನು ತಿದ್ದುವುದರಿಂದ, ಪಟ್ಟಿಯೇ ತಪ್ಪಿದ್ದರೆ ತಪ್ಪು ಇನ್ನಷ್ಟು ಹರಡುತ್ತದೆ. ಚೆಕ್‌ಡಿಸ್ಕ್ (CHKDSK) ಎಂಬ ಡಾಸ್‌ನ ತಪಾಸಣೆ ಆಜ್ಞೆಯನ್ನು ಮೊದಲು ಬರಿದೇ ಓಡಿಸಿ ವರದಿ ಓದಿ. ವಾರಸುದಾರರಿಲ್ಲದ ತುಂಡುಗಳಿದ್ದರೆ ಸ್ಲ್ಯಾಶ್ ಎಫ್ (/F) ಸೇರಿಸಿ ಮತ್ತೊಮ್ಮೆ ಓಡಿಸಿ. ಅವು ಸಿಎಚ್‌ಕೆ ಎಂಬ ಬಾಲವುಳ್ಳ ಫೈಲುಗಳಾಗುತ್ತವೆ, ತೆರೆದು ನೋಡಿ ಅಳಿಸಬಹುದು. ಎರಡು ಫೈಲುಗಳು ಒಂದೇ ತುಂಡಿಗೆ ಜೋತುಬಿದ್ದಿದ್ದರೆ ಚೆಕ್‌ಡಿಸ್ಕ್ ಅದನ್ನು ಹೇಳುತ್ತದೆಯೇ ಹೊರತು ಸರಿಪಡಿಸುವುದಿಲ್ಲ. ಎರಡನ್ನೂ ಫ್ಲಾಪಿಗೆ ನಕಲಿಸಿ, ಮೂಲವನ್ನು ಅಳಿಸಿ, ಕೆಡದೆ ಉಳಿದದ್ದನ್ನು ಮರಳಿ ತನ್ನಿ.

ಮೂರನೆಯದಾಗಿ, ಅದೇ ಆವೃತ್ತಿಯ ಡಾಸ್ ಇರುವ ಫ್ಲಾಪಿಯಿಂದ ಬೂಟ್ ಮಾಡಿ. ಡಿಸ್ಕಿನ ಮಾಹಿತಿಯನ್ನು ತಾತ್ಕಾಲಿಕವಾಗಿ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಕ್ಯಾಶ್ ಪ್ರೋಗ್ರಾಂ ಡಿಸ್ಕಿಗೆ ಬರೆಯಬೇಕಾದದ್ದನ್ನು ತಡೆಹಿಡಿದಿರಬಾರದು. ಉಚಿತ ತಂತ್ರಾಂಶ ಹಳೆಯದಾಗಿದ್ದರೆ ಪಾರ್ಟಿಷನ್ (ಡಿಸ್ಕಿನ ವಿಭಾಗ) ಅಳತೆಯನ್ನೂ ನೋಡಿ. ಡಿಸ್ಕಿನ ಚಿಕ್ಕ ಚಿಕ್ಕ ಭಾಗಗಳಾದ ಸೆಕ್ಟರುಗಳ ಸಂಖ್ಯೆಗೆ 16 ಬಿಟ್ ಮಾತ್ರ ಬಳಸುವ ಪ್ರೋಗ್ರಾಮಿಗೆ 65,536 ಸೆಕ್ಟರುಗಳು, ಅಂದರೆ 32 ಎಂಬಿಯಿಂದ ಆಚೆ ಏನೂ ಕಾಣದು. ನಕಲು ತಡೆಯ ಬೀಗವಿರುವ ತಂತ್ರಾಂಶವನ್ನು ಮೊದಲೇ ತೆಗೆದುಬಿಡಿ. ಅದರ ಗುಪ್ತ ಫೈಲು ಜಾಗ ಬದಲಿಸಿದರೆ ತಂತ್ರಾಂಶ ತೆರೆಯದೆ ಹೋಗಬಹುದು. 1993ರ ಎಂಎಸ್-ಡಾಸ್ 6 ನಿಮ್ಮಲ್ಲಿದ್ದರೆ ಉಚಿತ ತಂತ್ರಾಂಶದ ಈ ಪರದಾಟವೇ ಬೇಡ, ಅದರೊಳಗೇ ಇರುವ ಆಪ್ಟಿಮೈಜರ್ ಡಿಫ್ರಾಗ್ ಅನ್ನೇ ಬಳಸಿ.

ಇನ್ನು ಓಡಿಸುವುದು: ಯುಪಿಎಸ್ ಇಲ್ಲದೆ ಖಂಡಿತ ಬೇಡ. ಬಸವನಗುಡಿಯ ಗೆಳೆಯರೊಬ್ಬರ ಮನೆಯಲ್ಲಿ ಮಳೆಗಾಲದ ಸಂಜೆ ಅರ್ಧದಲ್ಲಿ ಕರೆಂಟು ಹೋಯಿತು. ಮತ್ತೆ ತೆರೆದಾಗ ಅವರ ತಂದೆಯ ಕಾಗದವೊಂದು ಎರಡು ಪ್ಯಾರಾ ಸರಿಯಾಗಿದ್ದು, ಮೂರನೆಯದರ ಜಾಗದಲ್ಲಿ ಹಾಲಿನ ಲೆಕ್ಕ ಬಂದಿತ್ತು.

ಮುಗಿದೊಡನೆ ಬೇರೇನನ್ನೂ ಮುಟ್ಟದೆ ರೀಬೂಟ್ ಮಾಡಿ. ಬಳಿಕ ಚೆಕ್‌ಡಿಸ್ಕ್ ಆಜ್ಞೆಯ ನಂತರ ನಕ್ಷತ್ರ-ಚುಕ್ಕಿ-ನಕ್ಷತ್ರ (*.*) ಹಾಕಿ ಓಡಿಸಿದರೆ, ಇನ್ನೂ ಚದುರಿರುವ ಫೈಲುಗಳ ಹೆಸರು ಸಿಗುತ್ತದೆ. ಅದು ನೀವಿರುವ ಡೈರೆಕ್ಟರಿಯನ್ನಷ್ಟೇ ನೋಡುವುದರಿಂದ ಉಳಿದವುಗಳೊಳಗೂ ಒಂದೊಂದಾಗಿ ಹೋಗಿ ನೋಡಬೇಕು.