ಮಳೆಗಾಲಕ್ಕೂ ಬಗ್ಗದ ಡೆಕ್ಸ್ಟ್ರಿನ್ ಗೋಂದು: ಸಾಕಿನಾಕಾ ಶೆಡ್ಡಿನ ಅನುಭವ

ಪಿಷ್ಟವನ್ನು ಹುರಿದಾಗ ಸಿಗುವ, ನೀರಲ್ಲಿ ಕರಗುವ ಪುಡಿಯೇ ಡೆಕ್ಸ್ಟ್ರಿನ್. ಮುಂಬೈ ಮಳೆಯಲ್ಲಿ ಪಿಷ್ಟ ಹುರಿದರೆ ಗೋಂದು ಆಗೋದಿಲ್ಲ, ರೆಡಿ ಪುಡಿ ತಂದುಬಿಡಿ ಎಂದು ರಟ್ಟಿನ ಡಬ್ಬಿ ಕಟ್ಟುವವರೆಲ್ಲ ಹೇಳಿದ್ದರು. ಈಗ ಜುಲೈನಲ್ಲಿ ಅಂಟಿಸಿದ ಡಬ್ಬಿ ಎಳೆದರೆ ಕಾಗದವೇ ಹರಿಯುತ್ತದೆ, ಅಂಟು ಬಿಡುವುದಿಲ್ಲ.

ಮೊದಲ ಮೂರು ಘಾಣ (ಒಂದು ಸಲಕ್ಕೆ ಹುರಿಯುವ ಪಾಲು) ಪೂರ್ತಿ ಹಾಳು. ಹದಿನೈದು ಕಿಲೋ ಮೆಕ್ಕೆಜೋಳದ ಪಿಷ್ಟ, ಗ್ಯಾಸು ಸೇರಿ ಸಾವಿರದ ಹತ್ತಿರ ಹೋಯಿತು. ತಪ್ಪು ಒಂದೇ: ತೇವ ಇದ್ದಾಗಲೇ ಉರಿ ಏರಿಸಿದ್ದು. ನೀರು, ಆಸಿಡ್ ಎರಡೂ ಇದ್ದರೆ ಪಿಷ್ಟ ಸಕ್ಕರೆಯ ಕಡೆ ಹೋಗುತ್ತದೆ. ಅಂಥ ಗೋಂದು ಗಾಳಿಯ ತೇವ ಹೀರಿ ಜಿಗುಟಾಗಿಯೇ ಉಳಿಯುತ್ತದೆ, ಒಣಗುವುದಿಲ್ಲ.

ಈಗಿನ ಲೆಕ್ಕ: 5 ಕಿಲೋ ಪಿಷ್ಟಕ್ಕೆ ಸುಮಾರು 10 ಮಿ.ಲೀ. ಗಾಢ ಹೈಡ್ರೋಕ್ಲೋರಿಕ್ ಆಸಿಡ್, 150 ಮಿ.ಲೀ. ನೀರಿಗೆ ಹಾಕಿ (ನೀರಿಗೆ ಆಸಿಡ್, ಉಲ್ಟಾ ಅಲ್ಲ) ಮಂಜಿನಂತೆ ಸಿಂಪಡಿಸುವುದು. ಹನಿ ದಪ್ಪವಾದರೆ ಬಿದ್ದ ಜಾಗದಲ್ಲಿ ಕಪ್ಪು ಚುಕ್ಕೆ ಏಳುತ್ತದೆ. ನಳಿಕೆಯ ಗುಟ್ಟು ಮಾತ್ರ ನನ್ನಲ್ಲೇ ಇರಲಿ. ಆಮೇಲೆ 60-70 ಡಿಗ್ರಿಯಲ್ಲಿ, ತೂಕ ನಾಲ್ಕೂವರೆ ಕಿಲೋಗೆ ಇಳಿಯುವವರೆಗೆ ಒಣಗಿಸಬೇಕು. ಇಲ್ಲಿ ಅವಸರ ಮಾಡಿದವರಿಗೇ ನಷ್ಟ.

ಸ್ಟೀಲ್ ತಟ್ಟೆಯಲ್ಲಿ ಬೆರಳಗಲ ಹರಡಿ 155-160 ಡಿಗ್ರಿ, ಕೈ ಬಿಡದೆ ಮಗುಚಬೇಕು. ಪುಡಿ ಹಾರುವ ಕಡೆ ತೆರೆದ ಉರಿ ಬೇಡ, ಸಿಡಿಯುತ್ತದೆ. ಪಿಷ್ಟ ಎಷ್ಟು ಒಡೆದಿದೆ ಎಂದು ತಿಳಿಯಲು, ಗಂಟೆಯ ನಂತರ ಕಾಲು ಗಂಟೆಗೊಮ್ಮೆ ಚಿಟಿಕೆ ಪುಡಿಯನ್ನು ನೀರಲ್ಲಿ ಕದಡಿ ಒಂದು ಹನಿ ಅಯೋಡಿನ್ ಬಿಡುತ್ತೇನೆ. ಮೊದಲು ಕಡುನೀಲಿ, ಆಮೇಲೆ ನೇರಳೆ. ಕೆಂಪು ಕಂದು ಬಂದ ಕ್ಷಣ ಇಳಿಸಿ ಕಡಪಾ ಕಲ್ಲಿನ ಮೇಲೆ ಸುರಿಯುವುದು. ತಟ್ಟೆಯಲ್ಲೇ ಬಿಟ್ಟರೆ ಒಳಬಿಸಿಗೆ ಹದ ಮೀರುತ್ತದೆ. ಆರಿದ ಪುಡಿಯನ್ನು ಒಂದು ರಾತ್ರಿ ಬಟ್ಟೆ ಮುಚ್ಚಿ ಹೊರಗಿಡಿ. ಮುಂಬೈ ಗಾಳಿ ಉಪಕಾರ ಮಾಡುವುದು ಇಲ್ಲೊಂದೇ ಕಡೆ: ತುಸು ತೇವ ಹಿಡಿದ ಪುಡಿ ನೀರಲ್ಲಿ ಗಂಟು ಕಟ್ಟುವುದಿಲ್ಲ.

ಗೋಂದಿಗೆ ಪುಡಿ, ನೀರು ಸಮಸಮ, 80-85 ಡಿಗ್ರಿ, ಅರ್ಧ ಗಂಟೆ. ಕಿಲೋ ಪುಡಿಗೆ 100 ಗ್ರಾಂ ಬಿಳಿಗಾರ (ಬೊರಾಕ್ಸ್), ಕೊನೆಗೆ ಚೂರು ಕಾಸ್ಟಿಕ್ ಸೋಡಾ, ಬೂಸ್ಟು ಬಾರದಂತೆ ಕ್ಷಾರದಲ್ಲೂ ಕೆಲಸ ಮಾಡುವ ಸಂರಕ್ಷಕ. ಬಿಳಿಗಾರ ಮಿತಿ ಮೀರಿದರೆ ಗೋಂದು ರಬ್ಬರಿನಂತೆ ಎಳೆಯಾಗುತ್ತದೆ. ನಾಲಿಗೆ ತಾಗುವ ಲಕೋಟೆಗಂತೂ ಬಿಳಿಗಾರ, ಕಾಸ್ಟಿಕ್ ಎರಡೂ ಬೇಡವೇ ಬೇಡ.

ಆಸಿಡ್ ಇಲ್ಲದೆ 180ರ ಮೇಲೆ ನಾಲ್ಕೈದು ಗಂಟೆ ಹುರಿದೂ ನೋಡಿದೆ. ಬಣ್ಣ ಕಡುಕಂದು, ಪಾಕ ಬಲು ಮಂದ. ಡಬ್ಬಿಗೆ ಆಗಲಿಲ್ಲ, ಬಟ್ಟೆ ಪ್ರಿಂಟಿಂಗಿನವರು ಬಣ್ಣ ದಪ್ಪ ಮಾಡಲು ಒಯ್ದರು. ಮರಗೆಣಸಿನ ಪಿಷ್ಟದ ಗೋಂದು ಇನ್ನೂ ತಿಳಿ, ಹಿಡಿತವೂ ಜಾಸ್ತಿ. ಆದರೆ ಕಿಲೋಗೆ ಹತ್ತು ಹದಿನೈದು ರೂಪಾಯಿ ಮೇಲೆ ಬೀಳುತ್ತದೆ, ಹಾಗಾಗಿ ಮಿಠಾಯಿ ಡಬ್ಬಿಯ ಆರ್ಡರಿಗಷ್ಟೇ ಅದು.