ಕಾವಿಗಿಟ್ಟ ಮೊಟ್ಟೆಗೆ ಬೆಳಕು ಹಿಡಿದು ನೋಡುವುದು ಹೇಗೆ?

ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಕಾವಿಗಿಟ್ಟ ಮೊಟ್ಟೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವವರು ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗಿರುವುದು ಆಗಷ್ಟೇ ಹೆಣೆದುಕೊಳ್ಳುತ್ತಿರುವ ಎಳೇ ರಕ್ತನಾಳ. ಜೋರಾಗಿ ಕುಲುಕಿದರೆ ಹರಿದೇ ಹೋಗಬಹುದು.

ಮೊದಲ ಕೆಲಸ ಸುಲಭ. ಕುಕ್ಕೆಗೆ ಒಣಹುಲ್ಲು ಹಾಕಿ, ಮೊಟ್ಟೆಗೆ ಪೆನ್ಸಿಲ್‌ನಲ್ಲಿ ತಾರೀಖು ಬರೆದು, ಹೇಂಟೆ ಕೂರಿಸಿ. ಮೊಟ್ಟೆ ತೊಳೆಯಬೇಡಿ.

ಏಳನೇ ದಿನ ಹೇಂಟೆ ಮೇವಿಗೆ ಎದ್ದ ಹೊತ್ತಿನಲ್ಲಿ ಮೊಟ್ಟೆಗಳನ್ನು ಕತ್ತಲೆ ಕೋಣೆಗೆ ತನ್ನಿ. ಎರಡನೇ ದಿನವೇ ನೋಡಿ, ಏನೂ ಕಾಣಲಿಲ್ಲ ಅಂತ ಒಳ್ಳೆ ಮೊಟ್ಟೆ ಎಸೆದವರನ್ನು ಕಂಡಿದ್ದೇನೆ. ರಟ್ಟಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಕೆಳಗಿನಿಂದ ಎಲ್‌ಇಡಿ ಟಾರ್ಚ್ ಹಿಡಿಯಿರಿ. ನಾಟಿ ಮೊಟ್ಟೆಯ ಕಂದು ಸಿಪ್ಪೆಗೆ ಮೊಬೈಲ್ ಬೆಳಕು ಸಾಲದು. ಇದಕ್ಕೆಂದೇ ಮಾರುವ ಅಗ್ಗದ ದೀಪವೊಂದನ್ನು ಕೊಂಡಿದ್ದೆ, ಎರಡೇ ನಿಮಿಷಕ್ಕೆ ಬಿಸಿಯಾಯಿತು. ಅಂಥದ್ದು ಬೇಡವೇ ಬೇಡ. ಮೊಟ್ಟೆಯ ದಪ್ಪ ತುದಿಯನ್ನು ತೂತಿನ ಮೇಲಿಟ್ಟು, ಮೆಲ್ಲಗೆ ತಿರುಗಿಸಿ. ನಡುವೆ ಕಪ್ಪು ಚುಕ್ಕೆ, ಸುತ್ತ ಕೆಂಪು ಎಳೆಗಳು, ಜೇಡನ ಹಾಗೆ ಕಂಡರೆ ಮರಿ ಬೆಳೆಯುತ್ತಿದೆ.

ಆ ಎಳೆಗಳನ್ನು ಚೆನ್ನಾಗಿ ನೋಡಿ. ಒಂದೊಂದೂ ಜೀವಕೋಶಗಳು ಸೇರಿ ಆದ ಕೊಳವೆ. ವಿಇ-ಕ್ಯಾಡೆರಿನ್ ಎಂಬ ಪ್ರೊಟೀನು ಕೋಶಕ್ಕೆ ಕೋಶವನ್ನು ಕೊಂಡಿ ಹಾಕಿ ಹಿಡಿದಿರುತ್ತದೆ. ಇಂಟೆಗ್ರಿನ್ ಎಂಬ ಪ್ರೊಟೀನುಗಳು ಕೋಶವನ್ನು ಸುತ್ತಲಿನ ನಾರಿಗೆ ಕಚ್ಚಿಸುತ್ತವೆ. ಹೊಸ ಕವಲು ಒಡೆಯುವಾಗ ತುದಿಯ ಕೋಶ ಹಿಂದಿನ ಹಿಡಿತ ಸಡಿಲಿಸಿ ಮುಂದೆ ಹಿಡಿಯುತ್ತದೆ. ಕಾಳುಮೆಣಸಿನ ಬಳ್ಳಿ ಗಂಟುಗಂಟಿಗೂ ಬೇರೂರಿ ಅಡಿಕೆ ಮರ ಹತ್ತುತ್ತದಲ್ಲ, ಸುಮಾರು ಹಾಗೇ. 1994ರಲ್ಲಿ ಅಮೆರಿಕದ ವಿಜ್ಞಾನಿಗಳು ಕೋಳಿ ಮೊಟ್ಟೆಯೊಳಗಿನ ಪೊರೆಯಲ್ಲೇ ಇದನ್ನು ಪರೀಕ್ಷಿಸಿದರು. ಆಲ್ಫಾ-ವಿ-ಬೀಟಾ-3 ಎಂಬ ಇಂಟೆಗ್ರಿನ್ನನ್ನು ತಡೆದಾಗ ಹೊಸ ನಾಳ ಬೆಳೆಯಲಿಲ್ಲ, ಮೊದಲೇ ಇದ್ದ ನಾಳಗಳಿಗೆ ಏನೂ ಆಗಲಿಲ್ಲ. ವಿಇ-ಕ್ಯಾಡೆರಿನ್ ಇಲ್ಲದಂತೆ ಮಾಡಿದ ಇಲಿಯ ಭ್ರೂಣಗಳಂತೂ ತಾಯಿಯ ಹೊಟ್ಟೆಯಲ್ಲೇ ಸತ್ತವು. ನಾಳಗಳು ಮೂಡಲು ಶುರುವಾದರೂ ಉಳಿಯಲಿಲ್ಲ.

ಎಳೆಗಳ ಬದಲು ಕೆಂಪು ಉಂಗುರ ಮಾತ್ರ ಕಂಡರೆ ಮರಿ ಸತ್ತಿದೆ, ತೆಗೆದುಬಿಡಿ. ಪೂರ್ತಿ ತಿಳಿಯಾಗಿದ್ದರೆ ಗೊಡ್ಡು ಮೊಟ್ಟೆ. ಅನುಮಾನ ಇದ್ದರೆ ಗುರುತು ಹಾಕಿ ವಾಪಸ್ ಇಡಿ, ಹತ್ತನೇ ದಿನ ಮತ್ತೆ ನೋಡಿ. ಹದಿನೆಂಟನೇ ದಿನದ ಮೇಲೆ ಮೊಟ್ಟೆ ಮುಟ್ಟಲೇಬಾರದು. ಇಪ್ಪತ್ತೊಂದಕ್ಕೆ ಮರಿ ತಾನೇ ಸಿಪ್ಪೆ ಒಡೆಯುತ್ತದೆ.