ಪಕ್ಕದ ಸಾಲು ಹಿಡಿದು 1783ರ ಪಟ್ಟಿ ಜೋಡಿಸಿದೆ: ನನ್ನ ಅನುಭವ

ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿದಾಗ, 1783ರಲ್ಲಿ, ಬ್ರಿಟಿಷರ ಜೊತೆ ನ್ಯೂಯಾರ್ಕಿನಿಂದ ಹಡಗು ಹತ್ತಿದ ಕಪ್ಪುಜನರನ್ನು (ಹೆಚ್ಚಿನವರು ಒಡೆಯರನ್ನು ಬಿಟ್ಟು ಓಡಿಬಂದ ಗುಲಾಮರು), ಅವರಲ್ಲಿ ಬಹಳ ಜನ ನೆಲೆಸಿದ ಕೆನಡಾದ ನೋವಾ ಸ್ಕೋಷಿಯಾದ ಬರ್ಚ್‌ಟೌನ್ ಊರಿನ ಹಾಜರಿ ಪುಸ್ತಕದಲ್ಲಿ ಒಬ್ಬೊಬ್ಬರಾಗಿ ಗುರುತಿಸಲು ಆಗದು ಎಂದು ನನಗೆ ಹೇಳದವರೇ ಇಲ್ಲ. ಜಾನ್, ಥಾಮಸ್, ಸಾರಾ ಎಂಬವರು ಲೆಕ್ಕವಿಲ್ಲದಷ್ಟು. ಅಡ್ಡಹೆಸರು ಒಡೆಯನದು, ಅದನ್ನೂ ಬಹಳ ಜನ ಬದಲಿಸಿಕೊಂಡರು ಎಂಬುದು ಅವರ ವಾದ. ಈಗ ಸುಮಾರು ಮುನ್ನೂರು ಜನ ನನ್ನ ಕಡತದಲ್ಲಿ ಹಡಗಿನ ಪಟ್ಟಿ, ಹಾಜರಿ ಎರಡೂ ಕಡೆ ಗಟ್ಟಿಯಾಗಿ ಕೂತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪಟ್ಟಿ ಯಾವುದೆಂದು ಈ ಕೆಲಸದಲ್ಲಿರುವವರಿಗೆ ಗೊತ್ತು: ನ್ಯೂಯಾರ್ಕಿನಲ್ಲಿದ್ದ ಬ್ರಿಟಿಷ್ ಸೇನಾಧಿಪತಿ ಗೈ ಕಾರ್ಲ್‌ಟನ್ ಬರೆಸಿದ 'ಬುಕ್ ಆಫ್ ನೀಗ್ರೋಸ್', ಹಡಗು ಹತ್ತಿದ ಮೂರು ಸಾವಿರ ಜನ, ಹಡಗುವಾರು.

ಮೊದಲು ದುಡ್ಡು ಹೋಗಿದ್ದು ಕೈಬರಹ ಓದುವ ತಂತ್ರಾಂಶಕ್ಕೆ. ಹದಿನೆಂಟು-ಇಪ್ಪತ್ತು ಸಾವಿರ ರೂಪಾಯಿ ತೆತ್ತರೂ ಅದು 'ನಾನ್ಸಿಮಂಡ್' ಎಂಬ ವರ್ಜೀನಿಯಾದ ಕೌಂಟಿಯನ್ನು ಪುಟಕ್ಕೊಂದು ಥರ ಓದಿತು. ಆಮೇಲೆ ಪುಟಕ್ಕಿಷ್ಟು ಅಂತ ಕೊಟ್ಟು ಟೈಪ್ ಮಾಡಿಸಿದೆ. ಕಾಗುಣಿತವೆಲ್ಲ 'ಸರಿ' ಮಾಡಿ, ಕೊನೆಯ ಷರಾ ಕಾಲಮ್ಮನ್ನೇ ಬಿಟ್ಟು ಕಳಿಸಿದರು. ಆ ಜನರ ಬದುಕು ಇರುವುದೇ ಷರಾದಲ್ಲಿ! ಕಡೆಗೆ ಸಂಜೆ ಹೊತ್ತು ನಾನೇ ಕೂತು ಟೈಪ್ ಮಾಡಿದೆ. ಎಲ್ಲ ಸೇರಿ ಅರವತ್ತು ಸಾವಿರದ ಹತ್ತಿರ ಖರ್ಚಾಗಿರಬೇಕು. ಉಚ್ಚಾರಣೆ ಹೋಲುವ ಹೆಸರು ಹೆಕ್ಕುವ ವಿಧಾನವನ್ನೂ ಓಡಿಸಿದೆ. ಜೊಳ್ಳೇ ಜಾಸ್ತಿ ಬಂತು.

ಕೆಲಸಕ್ಕೆ ಬಂದಿದ್ದು ಷರಾದಲ್ಲಿರುವ, ಒಡೆಯನನ್ನು 'ಇಷ್ಟು ವರ್ಷದ ಹಿಂದೆ ಬಿಟ್ಟು ಬಂದ' ಎಂಬ ಮಾತು. ನಾಲ್ಕು ವರ್ಷ ಅಂದರೆ 1779. ಆ ಮೇ ತಿಂಗಳಲ್ಲಿ ಬ್ರಿಟಿಷ್ ನೌಕಾಪಡೆ ವರ್ಜೀನಿಯಾದ ಪೋರ್ಟ್ಸ್‌ಮತ್, ಸಫೋಕ್ ಮೇಲೆ ದಾಳಿ ಮಾಡಿತ್ತು. ಎರಡು ವರ್ಷ ಅಂದರೆ 1781, ಕಾರ್ನ್‌ವಾಲಿಸ್ ವರ್ಜೀನಿಯಾದಲ್ಲಿದ್ದ ಕಾಲ. ಹತ್ತು ವರ್ಷದ ಮೇಲೆ ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದನಲ್ಲ, ಅವನೇ. ಅವನ ಸೈನ್ಯದ ಬೆನ್ನುಹತ್ತಿ ಬಂದ ಗುಲಾಮರಲ್ಲಿ ಬಹಳ ಜನ, ಅವನು ಕೊನೆಗೆ ಶರಣಾದ ಯಾರ್ಕ್‌ಟೌನ್ ಮುಟ್ಟುವ ಹೊತ್ತಿಗೆ ಸಿಡುಬಿಗೆ ಬಲಿಯಾದರು. ವರ್ಷ, ಊರು, ಒಡೆಯ, ಹಡಗು ಈ ನಾಲ್ಕನ್ನು ಸೇರಿಸಿ ಒಂದೊಂದು ಗುಂಪಿಗೆ ಒಂದು ಬಣ್ಣ ಹಚ್ಚಿದೆ. ಒಟ್ಟಿಗೆ ಓಡಿಬಂದವರು ಎಷ್ಟೋ ಸಲ ಒಂದೇ ಹಡಗು ಹತ್ತಿದ್ದಾರೆ, 1784ರ ಹಾಜರಿಯಲ್ಲೂ ಒಂದೇ ತುಕಡಿಯಲ್ಲಿ ಅಕ್ಕಪಕ್ಕ ಇದ್ದಾರೆ. ಆರು ಜನರ ಗುಂಪಿನಲ್ಲಿ ನಾಲ್ವರು ಕೂತರೆ, ಅಡ್ಡಹೆಸರು ಬದಲಿಸಿದ ಇಬ್ಬರು ತಾವಾಗಿ ಸಿಗುತ್ತಾರೆ. ವಯಸ್ಸು ಹೊಂದಿದರೆ ಮಕ್ಕಳಿಗೆ ಎಷ್ಟು ಅಂಕ, ದೊಡ್ಡವರಿಗೆ ಎಷ್ಟು ಎಂಬ ಲೆಕ್ಕ ಸದ್ಯ ನನ್ನ ಹತ್ತಿರವೇ ಇರಲಿ.

ವರ್ಷ ಒಂದನ್ನೇ ನಂಬಬೇಡಿ. 1781ರ ಏಪ್ರಿಲ್‌ನಲ್ಲಿ 'ಸ್ಯಾವೇಜ್' ಯುದ್ಧನೌಕೆ ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವರ್ನನ್ ತೋಟದ ಬಳಿ ಬಂದಾಗ 17 ಗುಲಾಮರು ಅದನ್ನು ಸೇರಿದರು. ತೋಟದವರು ಬರೆದಿಟ್ಟ ಪಟ್ಟಿಯಲ್ಲಿ ಡೆಬೊರಾಗೆ ಸುಮಾರು 16 ವರ್ಷ. ನ್ಯೂಯಾರ್ಕ್ ಪಟ್ಟಿಯಲ್ಲಿ ಅವಳಿಗೆ 20, 'ಸುಮಾರು ನಾಲ್ಕು ವರ್ಷದ ಹಿಂದೆ ಬಂದವಳು'. ಎರಡೂ ಅಂಕಿ ಹೊಂದುವುದಿಲ್ಲ, ಆದರೂ ಆಕೆ ಅವಳೇ, ಒಡೆಯನ ಹೆಸರು ಹೇಳುತ್ತದೆ. ನಾನು ಒಂದು ಕಾಲಮ್ಮಿಗೆ ಜೋತುಬೀಳದಿದ್ದುದು ಇದಕ್ಕೇ.

ಇನ್ನೊಂದು: 'ಈಗ ಯಾರ ವಶದಲ್ಲಿ' ಎಂಬ ಕಾಲಮ್ ಮೊದಲೇ ಬೇರ್ಪಡಿಸಿ. ಬ್ರಿಟಿಷ್ ಸೇನೆಯ ಬರ್ಚ್ ಜನರಲ್ಲನ ಬಿಡುಗಡೆ ಪ್ರಮಾಣಪತ್ರದ ಗುರುತಾದ ಜಿ.ಬಿ.ಸಿ. ಇದ್ದವರು ಸ್ವತಂತ್ರರು. ಆ ಕಾಲಮ್ಮಿನಲ್ಲಿ ಒಡೆಯನ ಹೆಸರಿದ್ದವರು ಗುಲಾಮರಾಗಿಯೇ ಸಾಗಿಸಲ್ಪಟ್ಟವರು. ಸ್ವತಂತ್ರರ ಹಾಜರಿಯಲ್ಲಿ ಅವರನ್ನು ಹುಡುಕಿ ಫಲವಿಲ್ಲ.

ಅವರ ಸಂಕಟ ಬಿಡದೆ ಕಾಡಿ, ನಡುವೆ ಬೇರೆ ದಾರಿಗೂ ಇಳಿದೆ. 1782ರ ಡಿಸೆಂಬರಿನಲ್ಲಿ ಬ್ರಿಟಿಷರು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಿಟ್ಟು ಹೋದಾಗ ಅವರ ಪರವಿದ್ದ ಒಡೆಯರು ಗುಲಾಮರನ್ನು ಜಮೈಕಾಕ್ಕೆ, ಪೂರ್ವ ಫ್ಲೋರಿಡಾಕ್ಕೆ ಒಯ್ದರು. ಫ್ಲೋರಿಡಾ ಸ್ಪೇನಿಗೆ ಹೋದಾಗ ಅಲ್ಲಿಂದ ಬಹಾಮಾಸಿಗೆ. 1820ರ ದಶಕದ ಬಹಾಮಾಸ್ ಗುಲಾಮರ ನೋಂದಣಿಗೆ ಇದೇ ವಿಧಾನ ಹಚ್ಚಿ ನೋಡಿದೆ. ನಡುವೆ ನಲವತ್ತು ವರ್ಷ ಖಾಲಿ, ಷರಾ ಇಲ್ಲ, ಗುಂಪೂ ಕಟ್ಟುವುದಿಲ್ಲ. ಒಡೆಯರು ಲಂಡನ್ನಿನಲ್ಲಿ ಹೂಡಿದ ಪರಿಹಾರದ ಅರ್ಜಿಗಳನ್ನು, ಉಯಿಲುಗಳನ್ನು ಹಿಡಿದು ಹೋದಾಗ ಬೆರಳೆಣಿಕೆಯ ಜನ ಸಿಕ್ಕರು. ಅದೂ ಬೆಲೆ ಕಟ್ಟಿದ ಆಸ್ತಿಯಾಗಿ.

ಹೊಸದಾಗಿ ಶುರು ಮಾಡುವವರು 'ಲಾಬೊಂಡಾನ್ಸ್' ಹಡಗು ಹಿಡಿಯಿರಿ. ಜಾರ್ಜ್ ವಾಷಿಂಗ್ಟನ್ನನ ತೋಟದಿಂದ ಓಡಿಬಂದ ಹ್ಯಾರಿ ವಾಷಿಂಗ್ಟನ್, ತನ್ನ ಜೀವನಕಥೆ ಬರೆದಿಟ್ಟ ಬಾಸ್ಟನ್ ಕಿಂಗ್ ಇಬ್ಬರೂ ಅದರಲ್ಲಿದ್ದವರು, ಇಬ್ಬರೂ 1792ರಲ್ಲಿ ಆಫ್ರಿಕಾದ ಸಿಯೆರಾ ಲಿಯೋನಿಗೆ ಹೋದವರು. ಉತ್ತರ ಮೊದಲೇ ಗೊತ್ತಿರುವುದರಿಂದ ನಿಮ್ಮ ಜೋಡಣೆ ಸರಿಯೋ ತಪ್ಪೋ ಅಲ್ಲೇ ತಾಳೆ ನೋಡಬಹುದು.